ಖಾಲಿ ಗಡಿಗೆಯ ಹೊಗೆ

೧೯೭೯ರ ಫೆಬ್ರವರಿಯ ಒಂದು ಭಾನುವಾರ, ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಸೋನುಬಾಯಿ ಹಳಿಯಾಳದ ಒಂದು ಶಾಲೆಯ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅಂಗೈ ಅಗಲದ ನೆಲಕ್ಕೆ ಸಗಣಿ ಬಳಿಯುತ್ತಿದ್ದಳು. ಐದಕ್ಕೆ ನಾಟಕ ಶುರುವಾಗಬೇಕಿತ್ತು. ಸಗಣಿ ಹಸಿ ಇರುವಾಗಲೇ ಅದರ ಮೇಲೊಂದು ತೆಂಗಿನಕಾಯಿ ಇಟ್ಟು, ಕುಂಕುಮ ಹಚ್ಚಿ, ಕೈ ಮುಗಿದಳು.

"ಇದೇನವ್ವಾ, ನಾಟಕದಾಗ ಇದು ಇಲ್ಲಲ್ಲ?" ಎಂದರು ಮಲಕಪ್ಪ ಮಾಸ್ತರರು.

"ನಾಟಕಕ್ಕಲ್ರೀ, ನನಗ. ಇಷ್ಟು ಮಂದಿ ಮುಂದ ನಿಂದರಾಕ ಕಾಲು ನಡಗತಾವು. ಹಿರಿಯಾರು ಜೋಡಿ ಇರ್ಲಿ."

ಸೋನುಬಾಯಿಯಂಥ ಸಿದ್ದಿಗಳ ಮನೆಯ ಮೂಲೆಯಲ್ಲಿ ಇಂಥ ಕಾಯಿ ಇರುತ್ತದೆ. ಅದು ತೀರಿಹೋದ ಹಿರಿಯರ ಜಾಗ. ಸೋನುಬಾಯಿಯ ಮನೆತನದಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು: ಹೊಸದಾಗಿ ಇಟ್ಟ ಕಾಯಿಗೆ ಎಡೆ ಕೊಟ್ಟು ಮೇಲೆತ್ತುವ ತನಕ ಅದರ ಮುಂದೆ ಸುಳ್ಳಾಡಬಾರದು. ಮಾಸ್ತರರು ತಲೆಯಾಡಿಸಿ ಉಳಿದ ಪಾತ್ರಧಾರಿಗಳ ಕಡೆ ಹೋದರು.

ಮಲಕಪ್ಪನವರು ಮುಂಡಗೋಡದ ಪ್ರಾಥಮಿಕ ಶಾಲೆಯ ಶಿಕ್ಷಕರು. ನಾಟಕ ಅವರದೇ, ಖರ್ಚೂ ಅವರದೇ. ಬೆನ್ನಿಗೆ ಯಾವ ನಾಟಕ ಕಂಪನಿಯೂ ಇರಲಿಲ್ಲ, ಪರದೆಯೂ ಇರಲಿಲ್ಲ. ಭೂಮಿಯಿಲ್ಲದವರ ಕೇರಿಯ ಕಥೆ. ಆಡುವವರೂ ಆ ಕೇರಿಗಳವರೇ. ಸೋನುಬಾಯಿ ಅವರ ಕಣ್ಣಿಗೆ ಬಿದ್ದದ್ದು ಪಾಳಾ ಎಂಬ ಊರಿನ ಗದ್ದೆಯಲ್ಲಿ, ನಾಟಿ ಮಾಡುತ್ತ ಹಾಡುತ್ತಿದ್ದಾಗ. ನಾಟಕವನ್ನು ಮೊದಲು ಬರೆದಾಗ ಅದರಲ್ಲಿ ತಾಯಿ ಖಾಲಿ ಗಡಿಗೆಯ ಮುಂದೆ ಕುಳಿತು ಅಳುವ ಒಂದು ದೃಶ್ಯವಿತ್ತು. ತಾಲೀಮಿನಲ್ಲಿ ಸೋನುಬಾಯಿ ಅಳಲಿಲ್ಲ.

"ಅಳೂದು ಯಾಕ್ರೀ ಮಾಸ್ತರ? ಅತ್ತರ ಬಾಜೂದವರಿಗೆ ಗೊತ್ತಾಗತೈತಿ." ಗಡಿಗೆಗೆ ನೀರು ಸುರಿದು, ಕೆಳಗೆ ಹಸಿ ಸೊಪ್ಪು ತುರುಕಿ ಊದಿದಳು. ಹೊಗೆ ಎದ್ದಿತು. "ಹೊಗಿ ಕಂಡ್ರ ಅಡಗಿ ಆಗಾಕತ್ತೈತಿ ಅಂತಾರ. ಯಾರೂ ಕೇಳಾಕ ಬರೂದಿಲ್ಲ."

ಮಾಸ್ತರರು ಮೊದಲು ನಕ್ಕರು. ಮರುದಿನ ಆ ದೃಶ್ಯವನ್ನು ಹಾಗೆಯೇ ತಿದ್ದಿ ಬರೆದರು. ಇದನ್ನು ಎಲ್ಲಿ ಕಲಿತೆ ಎಂದು ಕೇಳಲಿಲ್ಲ.

ಆಕೆಯ ಗುಡಿಸಲು ಅತ್ತಿವೇರಿಯ ಕಡೆಗಿತ್ತು. ಗಂಡ ದಾಂಡೇಲಿಯ ಕಾಡಿಗೆ ಬಿದಿರು ಕಡಿಯಲು ಹೋದವನು ಚಳಿಜ್ವರದಿಂದ ಅಲ್ಲೇ ತೀರಿಕೊಂಡಿದ್ದ. ಉಳಿದವರು ಆಕೆ ಮತ್ತು ಮಗಳು ತುಳಸಾ. ಹಿಂದಿನ ಡಿಸೆಂಬರಿನಲ್ಲಿ, ನೆಂಟಸ್ತಿಕೆ ಕೂಡಿಸುವ ಗೋದುಬಾಯಿ ಹಳಿಯಾಳದ ಆಚೆಯ ಕೇರಿಯಿಂದ ಪರಸು ಎಂಬವನನ್ನು ಕರೆತಂದಿದ್ದಳು. ಅವನ ಮಗನಿಗೆ ತುಳಸಾಳನ್ನು ಕೇಳಲು. ಬರುವ ಮೊದಲೇ ಗೋದುಬಾಯಿ ಎಚ್ಚರಿಸಿದ್ದಳು: "ಅಂವ ಹುಡಿಗಿ ಮಾರಿ ನೋಡಾಂವಲ್ಲವಾ, ಮನಿ ಮಾಡಿನ ಮ್ಯಾಲಿನ ಹೊಗಿ ನೋಡತಾನ."

ಪರಸು ಸೋನುಬಾಯಿಯ ಕೇರಿಯಲ್ಲೇ ನೆಂಟರ ಮನೆಯಲ್ಲಿ ನಾಲ್ಕು ದಿನ ಉಳಿದ, ಒಂದು ದಿನ ಆಕೆಯ ಮನೆಯಲ್ಲೂ ಉಂಡ. ನಾಲ್ಕೂ ದಿನ ಬೆಳಿಗ್ಗೆ, ಸಂಜೆ ಸೋನುಬಾಯಿಯ ಮಾಡಿನಿಂದ ಹೊಗೆ ಎದ್ದಿತು. ಹೊರಡುವಾಗ ಅವನು ಗೋದುಬಾಯಿಗೆ, "ಮನಿ ಉಣ್ಣಾಕ ಗಟ್ಟಿ ಐತಿ. ಹೋಳಿ ಆದ ಮ್ಯಾಲ ಮದುವಿ ಮಾಡೂಣು" ಎಂದ. ತುಳಸಾ ಹೋಗುವ ಮನೆಯಲ್ಲಿ ಎರಡು ಎಮ್ಮೆಗಳಿದ್ದವು. ಸೋನುಬಾಯಿಗೆ ಅಷ್ಟು ಸಾಕಾಗಿತ್ತು.

ನಾಟಕದಲ್ಲಿ ಮಾಡಿದ್ದು ನಾಟಕಕ್ಕೇ ಮುಗಿಯಿತು ಎಂದು ಆಕೆ ತಿಳಿದಿದ್ದಳು. ಮುಂಡಗೋಡದಲ್ಲಿ, ಪಕ್ಕದ ಇಂದೂರು ಹಳ್ಳಿಯಲ್ಲಿ ಹಾಗೇ ಆಗಿತ್ತು ಕೂಡ. ಹಳಿಯಾಳದಲ್ಲಿ ಐದು ಗಂಟೆಗೆ ಜನ ಕೂತಾಗ ಮುಂದಿನ ಚಾಪೆಯ ಮೇಲೆ ಪರಸು ಕಂಡ. ಬೀಗತಿಯ ಆಟ ನೋಡಲು ಕೇರಿಯ ನಾಲ್ವರನ್ನು ಕಟ್ಟಿಕೊಂಡು ಬಂದಿದ್ದ. ಕಾಯಿ ಅಷ್ಟರಲ್ಲಾಗಲೇ ಇಟ್ಟಾಗಿತ್ತು, ಎಡೆ ಕೊಡದೆ ಎತ್ತುವಂತಿರಲಿಲ್ಲ.

ಹೊಗೆಯ ದೃಶ್ಯದಲ್ಲಿ ಆಕೆ ಊದುವುದು ಸ್ವಲ್ಪ ಕಡಿಮೆಯಾಯಿತು. ಉಳಿದಂತೆ ಆಟ ಚೆನ್ನಾಗಿಯೇ ನಡೆಯಿತು.

ಆಟ ಮುಗಿದ ಮೇಲೆ ನೋಡಿದವರನ್ನು ಮಾತಾಡಿಸುವುದು ಮಾಸ್ತರರ ಪದ್ಧತಿ. ಒಬ್ಬ ಮುದುಕ ಹಾಡು ಕಡಿಮೆಯಾಯಿತು ಎಂದ. ಒಬ್ಬ ಕಾಲೇಜು ಹುಡುಗ, ತಾಯಿ ಕೊನೆಗೆ ಕುಡಗೋಲು ಎತ್ತಬೇಕಿತ್ತು ಎಂದ. "ಎತ್ತಿ ಏನ ಕೊಯ್ಯಲೆಪಾ, ಬೆಳಿ ಎಲ್ಲೈತಿ?" ಎಂದಳು ಚುರುಮುರಿ ಮಾರುವ ಈರಕ್ಕ. ಆಮೇಲೆ ಕುರ್ಚಿಯಲ್ಲಿ ಕೂತಿದ್ದ ಕಟ್ಟಿಗೆಯ ಗುತ್ತಿಗೆದಾರ ಎದ್ದ.

"ಮಾಸ್ತರ, ನಾಟಕ ಚಲೋ ಐತಿ. ಆದರ ಹೊಗಿದು ಸುಳ್ಳು. ಉಪಾಸ ಇದ್ದಾವ ಕಟಿಗಿ ಯಾಕ ಸುಡತಾನ್ರಿ? ಮಾರಿ ಅಕ್ಕಿ ತರತಾನ."

"ಸಾಹುಕಾರ್ರು ಯಾವಾಗ ಉಪಾಸ ಇದ್ದಿದ್ರಿ? ಏಕಾದಶಿಗೆ, ಬಾಳಿಹಣ್ಣು ತಿಂದು?" ಈರಕ್ಕ ಬಿಡಲಿಲ್ಲ. ಜನ ನಕ್ಕರು.

ಗುತ್ತಿಗೆದಾರನೂ ನಕ್ಕ. "ಆತು. ಹಂಗಾರ ಹಂಗ ಮಾಡಿದವರನ್ನ ಒಬ್ಬರನ್ನ ತೋರಸ್ರಿ."

ಮಾಸ್ತರರು ಸೋನುಬಾಯಿಯ ಕಡೆ ತಿರುಗಿದರು. ಮದುವೆಯ ಮಾತುಕತೆ ಅವರಿಗೆ ಗೊತ್ತಿರಲಿಲ್ಲ. "ಸೋನವ್ವ, ಇದು ನೀನ ಕಲಿಸಿದ್ದು. ನೀನ ಹೇಳು."

ಸೋನುಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಳು. ಅಷ್ಟರಲ್ಲಿ ಪರಸು ಎದ್ದ. ಅವನು ನಗುತ್ತಿರಲಿಲ್ಲ. ಅಂದು ಬಂದಾಗಿನಿಂದ ಬೀಗತಿ, ಬೀಗತಿ ಎನ್ನುತ್ತಿದ್ದವನು ಈಗ ಹೆಸರು ಹಿಡಿದ.

"ಸೋನುಬಾಯಿ, ಸಾಹುಕಾರ್ರು ಬ್ಯಾಡ, ನಾ ಕೇಳತೇನಿ. ಕಾಯಿ ಮುಂದೈತಿ, ಹಿರಿಯಾರು ಕುಂತಾರ. ನಾ ನಿಮ್ಮ ಕೇರ್‍ಯಾಗ ಇದ್ದ ನಾಕು ದಿನದಾಗ ಆ ಗಡಿಗ್ಯಾಗ ಅಕ್ಕಿ ಎಷ್ಟ ಸಲ ಬಿತ್ತು?"

ದಿನಾ ಬೀಳುತ್ತಿತ್ತು ಎಂದಿದ್ದರೆ ಸಾಕಿತ್ತು. ಅಲ್ಲಿದ್ದ ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ. ಆಕೆ ಕಾಯಿಯ ಕಡೆ ನೋಡಿದಳು, ಉತ್ತರ ಕೊಟ್ಟಳು. ಪರಸು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ತನ್ನವರನ್ನು ಎಬ್ಬಿಸಿದ. ಮರುದಿನ ಗೋದುಬಾಯಿ ಅವನ ಮನೆ ಬಾಗಿಲಿಗೆ ಹೋದಳು. "ಹಸದ ಮನಿ ಹುಡಿಗಿ ತಂದ್ರ ಹಿಂದ ಹಸದ ತಾಯಿನೂ ಬರ್ತಾಳ. ನಾನರ ಎಷ್ಟ ಮಂದಿಗೆ ಹಾಕ್ಲಿ?" ಎಂದನಂತೆ. ಅವನನ್ನು ಕೆಟ್ಟವನೆಂದು ಹೇಳಲಾಗದು. ಎಮ್ಮೆಗಳಲ್ಲಿ ಒಂದು ಆಗಲೇ ಗೊಡ್ಡು ಬಿದ್ದಿತ್ತು.

ಆ ಮಳೆಗಾಲದ ಮೊದಲು ತುಳಸಾ ಕೂಲಿಯವರ ಒಂದು ಗುಂಪಿನ ಜೊತೆ ಗೋವಾಕ್ಕೆ ಹೋದಳು. ಎರಡು ವರ್ಷ ಹೋಳಿ ಹಬ್ಬಕ್ಕೆ ಮನೆಗೆ ಬಂದಳು. ಮೂರನೆಯ ವರ್ಷ ಬರಲಿಲ್ಲ. ಎಲ್ಲಿದ್ದಾಳೆಂದು ಗುಂಪಿನವರಿಗೂ ಗೊತ್ತಿರಲಿಲ್ಲ. ಸೋನುಬಾಯಿ ಮತ್ತೆ ನಾಟಕಕ್ಕೆ ಬರಲಿಲ್ಲ. ಆಕೆಯ ಪಾತ್ರವನ್ನು ಇನ್ನೊಬ್ಬಳು ಮಾಡಿದಳು. ಧಾರವಾಡದ ಒಂದು ಪತ್ರಿಕೆ ಹೊಗೆಯ ದೃಶ್ಯವನ್ನು ಮೆಚ್ಚಿ, ಅದು ಒಳ್ಳೆಯ ಸಂಕೇತವೆಂದು ಬರೆಯಿತು. ಮಾಸ್ತರರು ಅದನ್ನು ಯಾರಿಗೂ ಓದಿ ಹೇಳಲಿಲ್ಲ. ಆಮೇಲೆ ಅವರು ಸೋನುಬಾಯಿಯ ಮನೆಗೆ ಆಗಾಗ ಅಕ್ಕಿ ಒಯ್ಯುತ್ತಿದ್ದರು. ಆಕೆ ಬೇಡವೆನ್ನುತ್ತಿರಲಿಲ್ಲ. ಬೇಯಿಸಿ, ಮೊದಲು ಮೂಲೆಯಲ್ಲಿ ಎಡೆ ಇಟ್ಟು, ಆಮೇಲೆ ಅವರಿಗೂ ಬಡಿಸುತ್ತಿದ್ದಳು.

೧೯೮೬ರ ಮಳೆಗಾಲದಲ್ಲಿ ಸೋನುಬಾಯಿ ತೀರಿಕೊಂಡಳು. ಬೆಳಿಗ್ಗೆ ಮಾಡಿನಿಂದ ಹೊಗೆ ಏಳದ್ದನ್ನು ಕಂಡು ನೆರೆಯವರು ಒಳಗೆ ಹೋಗಿದ್ದರು.

ಆ ಸಂಜೆಯ ಬಗ್ಗೆ ಹಳಿಯಾಳದಲ್ಲಿ ಈಗಲೂ ಒಮ್ಮತವಿಲ್ಲ. ಮಾಸ್ತರರು ಹೇಳಿಕೊಟ್ಟು ಆಡಿಸಿದ ಮಾತು ಅದು ಎಂದು ಗುತ್ತಿಗೆದಾರ ಕೊನೆಯ ತನಕ ವಾದಿಸಿದ. ಸೋನುಬಾಯಿಗೆ ಬುದ್ಧಿಯಿಲ್ಲ, ಕಾಯಿಗೆ ಹೆದರಿ ಮಗಳನ್ನು ಕಳಕೊಂಡಳು ಎನ್ನುತ್ತಾಳೆ ಗೋದುಬಾಯಿ. ಈರಕ್ಕ ಯಾರನ್ನೂ ದೂರುವುದಿಲ್ಲ. ಆದರೆ ಸೋನುಬಾಯಿ ಆಡಿದ ಮಾತಿನ ಬಗ್ಗೆ ಮೂವರಲ್ಲೂ ಭೇದವಿಲ್ಲ. ಹಿಂದಿನ ಸಾಲಿಗೂ ಕೇಳುವಂತೆ ಹೇಳಿದ್ದಳು:

"ಬೀಗರ, ನೀವು ನಮ್ಮಲ್ಲೆ ಉಣ್ಣಾಕ ಬಂದಿದ್ರೆಲ್ಲ, ಆ ದಿನ. ಒಂದ ಸಲ."