ಹಬ್ಬದ ವಾರದ ಪರೀಕ್ಷೆ

"ಡಿಗ್ರಿ ಎಲ್ಲಾ ನಮ್ಮ ಮನೇಲಿ ಆಗೋ ಮಾತಲ್ಲ ಬಿಡೇ" ಎಂದವರು ನನ್ನ ಸೋದರಮಾವ. ಆದರೂ ನಾನು ಬಿಡಲಿಲ್ಲ. ಹಗಲು ಜಯನಗರದ ಸೀರೆ ಅಂಗಡಿಯಲ್ಲಿ ಕೆಲಸ, ಸಂಜೆ ಕಾಲೇಜು. ಕೊನೆಯ ಪರೀಕ್ಷೆ ಹಬ್ಬದ ವಾರವೇ ಬಂತು. ಆಗ ಅಂಗಡಿಯಲ್ಲಿ ಯಾರಿಗೂ ರಜೆಯಿಲ್ಲ. ಕೇಳಲು ಹೆದರಿ ಒಳಗೊಳಗೇ ಒದ್ದಾಡಿದೆ.

"ಗಿರಾಕಿ ಹಸಿರು ಕೇಳಿದ್ರೆ ನೀಲಿ ತೋರಿಸ್ತಿದೀಯಲ್ಲಮ್ಮ, ಏನಾಯ್ತು?" ಎಂದರು ಮ್ಯಾನೇಜರ್ ಮೇಡಂ. ಹೇಳಿದೆ.

"ಹೋಗಿ ಪರೀಕ್ಷೆ ಬರಿ. ನಿನ್ನ ಕೌಂಟರ್ ನಾನು ನೋಡ್ಕೋತೀನಿ. ಫೇಲಾದ್ರೆ ಮಾತ್ರ ಬಿಡಲ್ಲ!"

ಬರೆಯುವಾಗಲೂ ಮನಸ್ಸು ಅಂಗಡಿಯಲ್ಲೇ. ಮುಗಿದೊಡನೆ ಓಡಿಬಂದೆ. ಮೇಡಂ ನನ್ನ ಜಾಗದಲ್ಲಿ ನಿಂತು, ಬೆವರುತ್ತಾ ಸೀರೆ ಹರವುತ್ತಿದ್ದರು. "ಸುಲಭ ಇತ್ತಾ?" ಎಂದಷ್ಟೇ ಕೇಳಿದರು.

ಪಾಸಾದೆ. ನಮ್ಮ ಮನೆಯ ಮೊದಲ ಡಿಗ್ರಿ. ಸರ್ಟಿಫಿಕೇಟನ್ನು ಅಮ್ಮನ ಕೈಗಿಟ್ಟೆ. ಅವಳು ಆಗಲೇ ಚಪ್ಪಲಿ ಮೆಟ್ಟಿದಳು.

"ನಿನ್ ಜಾಗದಲ್ಲಿ ನಿಂತ ಆಯಮ್ಮಂಗೆ ತೋರಿಸ್ದೆ ತಾನೆ? ಇಲ್ಲಾಂದ್ರೆ ನಡಿ, ಈಗ್ಲೇ ಹೋಗೋಣ."