ಡಾರತಿ ಮಿಸ್ ಹೇಳಿದ ಕಥೆಗಳು

ಡಾರತಿ ಮಿಸ್ ಅವತ್ತು ಕುಡಿದಿರಲಿಲ್ಲ. ಕುಡಿದಿದ್ದಾರೆ ಎಂದು ತುಂಬಿದ ಟಾಕೀಸಿನಲ್ಲಿ, ಮೈಕಿನಲ್ಲಿ ಹೇಳಿದವನು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಬಾಯಿ ತಪ್ಪಿ ಬಂದ ಮಾತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ — ಬಾಯಿ ತಪ್ಪಿದ್ದರೆ ಮರುದಿನವಾದರೂ ತಿದ್ದಿಕೊಳ್ಳುತ್ತಿದ್ದೆ. ತಿದ್ದಿಕೊಳ್ಳಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಬಂಗಾರಪೇಟೆಯ ಜನ ನನ್ನನ್ನು ‘ಇಂಗ್ಲಿಷ್ ಚೌಡಪ್ಪ’ ಎಂದು ಕರೆಯುತ್ತಿದ್ದರು. ಅಮೆರಿಕದ ಪಿಕ್ಚರುಗಳ ಕಥೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವವನು ಎಂದು. ನಿಜವಾಗಿ ಆ ಪಿಕ್ಚರುಗಳ ಇಂಗ್ಲಿಷು ನನಗೆ ತಿಳಿಯುತ್ತಲೇ ಇರಲಿಲ್ಲ. ನಾನು ಹೇಳಿದ್ದೆಲ್ಲ ಡಾರತಿ ಮಿಸ್ ನನಗೆ ಹೇಳಿಕೊಟ್ಟದ್ದು.

ಆಗ ನಾನು ಚಿನ್ನದ ಗಣಿಯ ಊರು ರಾಬರ್ಟ್‌ಸನ್‌ಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುವ ಕೆಲಸದಲ್ಲಿದ್ದೆ. ಕ್ಯಾಸಂಬಳ್ಳಿ ಕಡೆಯ ಹಳ್ಳಿಯವನು, ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದೆ, ಅಂಗಡಿಗೆ ಬೇಕಾದಷ್ಟು ಇಂಗ್ಲಿಷು ಬರುತ್ತಿತ್ತು. ಇಂಗ್ಲಿಷ್ ಆಡುವ ಗಿರಾಕಿಗಳು ಬಂದರೆ ಅಂಗಡಿಯ ಸೆಟ್ಟರು ನನ್ನನ್ನೇ ಮುಂದೆ ಬಿಡುತ್ತಿದ್ದರು. ಡಾರತಿ ಮಿಸ್ ಹಾಗೆ ಬಂದವರು. ಆಂಗ್ಲೋ ಇಂಡಿಯನ್ ಹೆಂಗಸು, ಐವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ. ಊರಿಗಾಂ ಹತ್ತಿರ ಚಿಕ್ಕ ಮನೆ, ಒಂದು ಹೊಲಿಗೆ ಯಂತ್ರ. ಕ್ಲಬ್ಬಿನ ಡ್ಯಾನ್ಸಿಗೆ ಹೋಗುವ ಹೆಂಗಸರಿಗೆಲ್ಲ ಅವರೇ ಗೌನು ಹೊಲಿಯುತ್ತಿದ್ದರು. ಅಮೆರಿಕದ ಹೊಸ ಪಿಕ್ಚರು ಗಣಿಯ ಊರಿಗೆ ಬಂದರೆ ಮೊದಲ ದಿನವೇ ಹೋಗಿ, ನಾಯಕಿಯ ತೋಳು ಹೇಗಿದೆ, ಸೊಂಟದ ನೆರಿಗೆ ಎಲ್ಲಿ ಹಿಡಿದಿದೆ ಎಂದು ಕಣ್ಣಲ್ಲೇ ಅಳೆದುಕೊಂಡು ಬಂದು, ಮರುವಾರ ಅಂಥದ್ದನ್ನೇ ಹೊಲಿದು ಕೊಡುವ ಕೈ ಅದು.

ಆದರೆ ನನಗೆ ಅವರು ಪರಿಚಯವಾಗುವ ಹೊತ್ತಿಗೆ ಗೌನು ಹೊಲಿಸುವವರು ಕಡಿಮೆಯಾಗುತ್ತಿದ್ದರು. ಬಿಳಿಯ ಸಂಸಾರಗಳು ಹೊರಟುಹೋಗಿದ್ದವು. ಅವರ ಹಿಂದೆಯೇ ಡಾರತಿ ಮಿಸ್‌ರ ಕಡೆಯವರು — ಒಬ್ಬರು ಇಂಗ್ಲೆಂಡಿಗೆ, ಒಬ್ಬರು ಆಸ್ಟ್ರೇಲಿಯಕ್ಕೆ. ತಂಗಿಯೂ ಹೋದಳು. ಇವರು ಉಳಿದರು. ಯಾಕೆಂದು ನಾನು ಕೇಳಿದವನಲ್ಲ. ಕಾನ್ವೆಂಟಿನ ಹುಡುಗಿಯರ ಯೂನಿಫಾರಂ ಹೊಲಿಗೆಯೊಂದು ಅವರ ಕೈಯಲ್ಲಿತ್ತು; ಅದರಲ್ಲೇ ಜೀವನ ಸಾಗುತ್ತಿತ್ತು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬರುತ್ತಿದ್ದರು. ಬಟ್ಟೆ ನೋಡುವ ನೆಪ ಅಷ್ಟೆ. ಬೆಂಚಿನ ಮೇಲೆ ಕೂತು ತಮ್ಮ ತಮಿಳು ಬೆರೆತ ಕನ್ನಡದಲ್ಲಿ, ಹಿಂದಿನ ದಿನ ನೋಡಿದ ಪಿಕ್ಚರನ್ನು ನನಗೆ ಹೇಳುತ್ತಿದ್ದರು. ಹೇಳುತ್ತಿದ್ದರು ಎಂದರೆ — ಆಡಿ ತೋರಿಸುತ್ತಿದ್ದರು. ಕುದುರೆ ಇಳಿಯುವವನೂ ಅವರೇ, ಕಿಟಕಿಯ ಹಿಂದೆ ನಿಂತು ಅಳುವವಳೂ ಅವರೇ. ಮಧ್ಯೆ ನಿಲ್ಲಿಸಿ, “ಏನ್ ಮ್ಯಾನ್, ಪುರಿಯಿತಾ?” — ಅರ್ಥವಾಯಿತಾ — ಎಂದು ಕೇಳುತ್ತಿದ್ದರು. ಅವರ ಮನೆಯಲ್ಲಿ ಇದನ್ನೆಲ್ಲ ಕೇಳುವವರು ಯಾರೂ ಉಳಿದಿಲ್ಲ ಎಂದು ನನಗೆ ಆಗ ಹೊಳೆದಿರಲಿಲ್ಲ.

ಒಂದು ದಿನ ಬಂಗಾರಪೇಟೆಯ ತಗಡಿನ ಟಾಕೀಸಿನ ಮಾಲೀಕ ಮುನಿಸಾಮಣ್ಣ ಅಂಗಡಿಗೆ ಪಂಚೆ ಕೊಳ್ಳಲು ಬಂದ. ನಾನೂ ಮಿಸ್ಸೂ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡುತ್ತಿದ್ದುದನ್ನು ಕೇಳಿಸಿಕೊಂಡ. ಮಿಸ್ ಹೋದಮೇಲೆ ನನ್ನ ಹತ್ತಿರ ಬಂದು ಹೇಳಿದ:

“ಚೌಡಪ್ಪ, ಭಾನುವಾರ ಮಧ್ಯಾನ ಅಮೆರಿಕ ಪಿಕ್ಚರ್ ಆಕ್ತೀನಿ ಕಣಪ್ಪ. ಕುದ್ರೆ ನೋಡಾಕೆ, ವಡದಾಟ ನೋಡಾಕೆ ಜನ ಬತ್ತಾರೆ. ಕತೆ ತಿಳಿಯಾಕಿಲ್ಲ ಅಂತ ಅರ್ಧಕ್ಕೇ ಎದ್ದೋಯ್ತಾರೆ. ನೀನು ಬಂದು ಪಕ್ಕದಾಗೆ ನಿಂತ್ಕಂಡು ಯೋಳ್ತೀಯಾ?”

ಹೇಳುತ್ತೇನೆ ಎಂದೆ. ಗಣಿಯ ಊರಿನಲ್ಲಿ ಆಡಿದ ಪಿಕ್ಚರು ಒಂದೆರಡು ವಾರದ ಮೇಲೆ ಬಂಗಾರಪೇಟೆಗೆ ಬರುತ್ತಿತ್ತು. ಅಷ್ಟರಲ್ಲಿ ಮಿಸ್ ನನಗೆ ಅದರ ಕಥೆಯನ್ನು ಹೇಳಿ ಮುಗಿಸಿರುತ್ತಿದ್ದರು. ನಾನು ಭಾನುವಾರ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ, ಪರದೆಯ ಪಕ್ಕ ಮೈಕು ಹಿಡಿದು ನಿಲ್ಲುತ್ತಿದ್ದೆ. ಆ ದೇಶದ ಪೊಲೀಸು ಅಧಿಕಾರಿಯನ್ನು ಅಮಲ್ದಾರನನ್ನಾಗಿ ಮಾಡಿದೆ. ಅವರ ಕುಡಿಯುವ ಅಂಗಡಿ ನನ್ನ ಬಾಯಲ್ಲಿ ಸೇಂದಿ ಅಂಗಡಿಯಾಯಿತು. ಗಂಡು ಹೆಣ್ಣು ಮುತ್ತಿಡುವ ಹೊತ್ತಿಗೆ “ಎಲ್ಲರೂ ಒಂದು ಗಳಿಗೆ ತಲೆ ಬಗ್ಗಿಸ್ರಪ್ಪ” ಎನ್ನುತ್ತಿದ್ದೆ. ಒಬ್ಬರೂ ಬಗ್ಗಿಸುತ್ತಿರಲಿಲ್ಲ, ಟಾಕೀಸು ನಗುತ್ತಿತ್ತು. ಜನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರತೊಡಗಿದರು. ಅಮೆರಿಕ ಯಾವ ದಿಕ್ಕಿಗಿದೆ ಎಂದು ತಿಳಿಯದ ರೈತರು ಅಲ್ಲಿನ ದನಗಾಹಿಯ ಕಷ್ಟಕ್ಕೆ ಮರುಗಿದರು, ನಮ್ಮವನೇ ಎಂಬಂತೆ. ಸ್ಟೇಷನ್ನಿನಲ್ಲಿ ಇಳಿದರೆ ಟೀ ಅಂಗಡಿಯವನು ನನ್ನಿಂದ ಕಾಸು ತೆಗೆದುಕೊಳ್ಳುತ್ತಿರಲಿಲ್ಲ.

ಇದನ್ನೆಲ್ಲ ಮಿಸ್‌ಗೆ ಹೇಳಿದ್ದೆ. ಅವರಿಗೆ ಬಹಳ ಸಂತೋಷವಾಗಿತ್ತು. ತಮ್ಮ ಹೆಸರು ಹೇಳು ಎಂದು ಅವರು ಕೇಳಲಿಲ್ಲ. ಹೇಳಬೇಕೆಂದು ನನಗೂ — ಅನ್ನಿಸಿತ್ತು. ಅನ್ನಿಸಿದರೂ ಹೇಳಲಿಲ್ಲ.

ಆಮೇಲೆ ಒಂದು ಪಿಕ್ಚರು ಬಂತು. ನಮ್ಮ ಊರಿನಂಥದ್ದೇ ಊರು, ನೆಲದಲ್ಲಿ ಚಿನ್ನ ಸಿಕ್ಕಿ ಹುಟ್ಟಿದ್ದು. ಚಿನ್ನ ಮುಗಿಯುತ್ತದೆ, ಜನ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಾರೆ. ಒಬ್ಬ ವಿಧವೆ, ಅವಳನ್ನು ಇಷ್ಟಪಡುವ ಒಬ್ಬ ಕುದುರೆ ಸವಾರ. ಅವನು ಬಾ ಎನ್ನುತ್ತಾನೆ. ಅವಳು ಹೋಗುವುದಿಲ್ಲ. ಖಾಲಿ ಊರಿನಲ್ಲಿ ತನ್ನ ಮನೆಯ ಜಗಲಿಯ ಮೇಲೆ ನಿಂತು, ಅವನು ದೂರ ಹೋಗುವುದನ್ನು ನೋಡುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

ಮಿಸ್ ಆ ಪಿಕ್ಚರನ್ನು ಮತ್ತೆ ಮತ್ತೆ ನೋಡಿದರು. ಆ ಕೊನೆಯನ್ನು ನನಗೆ ಹೇಳಿದಾಗ ಆಡಿ ತೋರಿಸಲಿಲ್ಲ, ಸುಮ್ಮನೆ ಕೂತು ಹೇಳಿದರು. “ಅವಳು ಪಾವಂ ಅಲ್ಲ, ಅಯ್ಯೋ ಪಾಪ ಅನ್ನಬಾರದು, ಮ್ಯಾನ್. ಅವಳನ್ನ ಯಾರೂ ಬಿಟ್ಟು ಹೋಗಿಲ್ಲ. ಅವಳೇ ನಿಂತಳು. ಅದನ್ನ ಸರಿಯಾಗಿ ಹೇಳ್ಬೇಕು, ಏನು?”

ಆಗಲಿ ಮಿಸ್, ಎಂದೆ.

ಆ ಪಿಕ್ಚರು ಬಂಗಾರಪೇಟೆಗೆ ಬಂದ ಭಾನುವಾರ ಅವರೇ ಅಲ್ಲಿಗೆ ಬಂದರು. ಬರುತ್ತೇನೆಂದು ನನಗೆ ತಿಳಿಸಿರಲಿಲ್ಲ. ತಾವು ಹೇಳಿಕೊಟ್ಟ ಕಥೆಯನ್ನು ಅಷ್ಟು ಜನ ಕೇಳುವುದನ್ನು ಒಮ್ಮೆ ನೋಡಬೇಕೆಂಬ ಆಸೆ ಇತ್ತೋ ಏನೋ. ಆ ವಿಧವೆ ತೊಟ್ಟಿದ್ದಂಥದ್ದೇ ಗೌನು ಹೊಲಿದು ತೊಟ್ಟುಕೊಂಡಿದ್ದರು — ಕಪ್ಪು, ಕತ್ತಿನ ಸುತ್ತ ಬಿಳಿಯ ಲೇಸು. ಕುರ್ಚಿಯ ಸಾಲಿನಲ್ಲಿ ಒಬ್ಬರೇ ಕೂತಿದ್ದರು. ಕತ್ತಲಲ್ಲಿ ನಾನು ನೋಡಲಿಲ್ಲ.

ಪಿಕ್ಚರು ಕೊನೆಗೆ ಬಂತು. ಸವಾರ ಹೊರಟ. ಟಾಕೀಸಿನಲ್ಲಿ ಅಲ್ಲಲ್ಲಿ ಬೇಸರದ ಸದ್ದು. ಮುಂದೆ ನೆಲದ ಮೇಲೆ ಕೂತವರಲ್ಲಿ ಯಾರೋ ಕೂಗಿದರು: “ಇದೇನಣ್ಣೋ, ಇಬ್ರೂ ಸೇರಾಕಿಲ್ವಾ?”

ಜನ ಬೇಸರದಿಂದ ಎದ್ದುಹೋಗುವುದು ನನಗೆ ಬೇಡವಾಗಿತ್ತು. ಕೈಯಲ್ಲಿ ಮೈಕಿತ್ತು. ಹೇಳಿದೆ: “ಸೇರ್ತಾರೆ, ಸೇರ್ತಾರೆ. ನಾಳೆ ಬೆಳಗ್ಗೆ ಈಯಮ್ಮ ಗಾಡಿ ಕಟ್ಟಿಕೊಂಡು ಅವನ ಹಿಂದೆಯೇ ಹೋಗ್ತಾಳೆ. ಒಂಟಿ ಹೆಂಗಸು, ಇಲ್ಲಿದ್ದು ಏನು ಮಾಡ್ಯಾಳು?”

ಜನ ಚಪ್ಪಾಳೆ ತಟ್ಟಿದರು. ದೀಪ ಹತ್ತಿತು. ಆ ಚಪ್ಪಾಳೆಯ ನಡುವೆಯೇ ಕುರ್ಚಿಯ ಸಾಲಿನಿಂದ ಒಂದು ದನಿ:

“ಅಪ್ಪಡಿ ಇಲ್ಲ, ಮ್ಯಾನ್! ಅವಳು ಹೋಗೋದಿಲ್ಲ. ನಾ ನಿನಗೆ ಹೇಳಿದೆ ಅಲ್ಲವಾ? ಅವಳು ಹೋಗೋದಿಲ್ಲ!”

ಎಲ್ಲರೂ ತಿರುಗಿದರು. ನೆರೆತ ಕೂದಲು, ಸಿನಿಮಾದ ಗೌನು. ಯಾರೋ ನಕ್ಕರು. ಮುನಿಸಾಮಣ್ಣ ಬಾಗಿಲ ಬಳಿಯಿಂದ, “ಯಾರಪ್ಪಾ ಅದು? ನಿಂಗೆ ಯೋಳ್ಕೊಟ್ಟೆ ಅಂತಾವ್ಳೆ?” ಎಂದ.

ಹೌದು, ಇವರೇ ಹೇಳಿಕೊಟ್ಟದ್ದು — ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ಹಾಗೆಂದರೆ ಇಂಗ್ಲಿಷ್ ಚೌಡಪ್ಪ ಇರುತ್ತಿರಲಿಲ್ಲ. ಜವಳಿ ಅಂಗಡಿಯ ಚೌಡಪ್ಪ ಮಾತ್ರ ಉಳಿಯುತ್ತಿದ್ದ. ನಾನು ಮೈಕನ್ನು ಬಾಯಿಯ ಹತ್ತಿರ ತಂದು ಹೇಳಿದೆ:

“ನಂಗೊತ್ತಿಲ್ಲ. ಕುಡಿದವ್ಳೆ ಅನ್ಸುತ್ತೆ. ಹೊರಗೆ ಕರ್ಕೊಂಡೋಗ್ರಪ್ಪ.”

ಟಾಕೀಸಿಗೆ ಟಾಕೀಸೇ ನಕ್ಕಿತು. ಮಿಸ್ ನನ್ನ ಕಡೆ ನೋಡಿದರು. ಸಿಟ್ಟಿನಿಂದಲ್ಲ. ನಾನು ಹೇಳಿದ ಕನ್ನಡ ತಮಗೆ ಸರಿಯಾಗಿ ತಿಳಿಯಲಿಲ್ಲವೇನೋ ಎಂಬಂತೆ, ಇನ್ನೊಮ್ಮೆ ಹೇಳಲಿ ಎಂಬಂತೆ ನೋಡಿದರು. ಗೇಟಿನವನು ತೋಳು ಹಿಡಿಯಲು ಬಂದ. ಅವರು ಅವನ ಕೈ ಸರಿಸಿ ತಾವೇ ನಡೆದುಹೋದರು.

ಆ ಮಾತು ರೈಲು ಹತ್ತಿ ಗಣಿಯ ಊರಿಗೂ ಹೋಯಿತು. ಡಾರತಿ ಕುಡಿದು ಬಂಗಾರಪೇಟೆಯ ಟಾಕೀಸಿನಲ್ಲಿ ರಂಪ ಮಾಡಿದಳಂತೆ. ಗೌನು ತೊಡುವ ಅಂಥ ಒಂಟಿ ಹೆಂಗಸರ ಬಗ್ಗೆ ಆ ಮಾತನ್ನು ನಂಬಲು ಜನಕ್ಕೆ ಸಾಕ್ಷಿ ಬೇಕಾಗಿರಲಿಲ್ಲ. ಅದೂ ನನಗೆ ಗೊತ್ತಿತ್ತು, ಅದಕ್ಕೇ ಅದನ್ನೇ ಹೇಳಿದ್ದೆ.

ಕೆಲವು ದಿನಗಳ ಮೇಲೆ ಕಾನ್ವೆಂಟಿನ ಮದರ್ ಒಬ್ಬರು ಅಂಗಡಿಗೆ ಬಂದರು. ಮೆತ್ತನೆಯ ಹೆಂಗಸು, ಚಾಡಿಗೆ ಕಿವಿಗೊಡುವವರಲ್ಲ. ಸೆಟ್ಟರು ಒಳಗಿದ್ದರು. ಮದರ್ ನನ್ನನ್ನೇ ಕೇಳಿದರು: “ಚೌಡಪ್ಪ, ನೀವು ಡಾರತಿಯವರನ್ನ ದಿನಾ ನೋಡೋರು. ಅವರು ಕುಡೀತಾರೆ ಅನ್ನೋದು ನಿಜಾನಾ? ನಮ್ಮ ಮಕ್ಕಳ ಅಳತೆ ತಗೊಳ್ಳೋಕೆ ಅವರು ಒಳಗೆ ಬರ್ತಾರೆ. ಅದಕ್ಕೇ ಕೇಳ್ತಾ ಇದೀನಿ. ನೀವು ಇಲ್ಲ ಅಂದ್ರೆ ನಾನು ಇಲ್ಲ ಅಂತಲೇ ನಂಬ್ತೀನಿ.”

ಟಾಕೀಸಿನಲ್ಲಿ ಜನರಿದ್ದರು, ಗದ್ದಲವಿತ್ತು, ಯೋಚಿಸಲು ಹೊತ್ತಿರಲಿಲ್ಲ — ಈಗ ಏನೂ ಇರಲಿಲ್ಲ. ಒಬ್ಬ ಸಾಧ್ವಿ, ನಾನು, ನಡುವೆ ಒಂದು ಥಾನು ನೀಲಿ ಬಟ್ಟೆ. ಇಲ್ಲ ಎನ್ನುವ ಒಂದು ಮಾತು ಸಾಕಿತ್ತು. ಇಲ್ಲ ಎಂದರೆ, ಹಾಗಾದರೆ ಮೈಕಿನಲ್ಲಿ ಹಾಗೆ ಹೇಳಿದ್ದು ಯಾಕೆ ಎಂದು ಕೇಳುತ್ತಾರೆ.

“ನಾನೇನೂ ಹೇಳೋಕಾಗಲ್ಲ, ಮದರ್,” ಎಂದೆ.

ಅವರು ನಿಟ್ಟುಸಿರಿಟ್ಟು ಹೋದರು. ಯೂನಿಫಾರಂ ಹೊಲಿಗೆ ಮುಂದಿನ ವರ್ಷ ಬೇರೆಯವರಿಗೆ ಹೋಯಿತು.

ಮಿಸ್ ಮತ್ತೆ ಅಂಗಡಿಗೆ ಬರಲಿಲ್ಲ. ನಾನೂ ಅವರ ಮನೆಗೆ ಹೋಗಲಿಲ್ಲ. ಭಾನುವಾರದ ಪಿಕ್ಚರುಗಳು ಮಾತ್ರ ನಿಲ್ಲಲಿಲ್ಲ. ಇನ್ನು ಕಥೆ ಹೇಳಿಕೊಡುವವರಿಲ್ಲ. ಬಾಯಿಗೆ ಬಂದದ್ದನ್ನು ಹೇಳತೊಡಗಿದೆ. ಮೊದಮೊದಲು ಯಾರಾದರೂ ಹಿಡಿದಾರೆಂದು ಹೆದರುತ್ತಿದ್ದೆ. ಯಾರೂ ಹಿಡಿಯಲಿಲ್ಲ. ತಂದೆಯನ್ನು ಮಾವನೆಂದೆ, ಕಳ್ಳನನ್ನು ಒಳ್ಳೆಯವನೆಂದೆ, ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಅಷ್ಟು ದೂರದ ದೇಶದ ಮುಖಗಳು ಪರದೆಯ ಮೇಲೆ ಏನೇನೋ ಆಡುತ್ತಿದ್ದವು, ಅತ್ತು ಕರೆಯುತ್ತಿದ್ದವು. ಅವರ ಮಾತು ಪಕ್ಕದಲ್ಲೇ ನಿಂತ ನನಗೂ ತಿಳಿಯುತ್ತಿರಲಿಲ್ಲ. ಅಷ್ಟು ಜನರ ನಡುವೆ ನಿಂತು ಅಷ್ಟು ಒಂಟಿಯಾಗಿ ನಾನು ಬೇರೆಲ್ಲೂ ಇರಲಿಲ್ಲ. ನಾನು ತಪ್ಪು ಹೇಳಿದರೆ ನೊಂದುಕೊಳ್ಳುವ ಒಬ್ಬರಿದ್ದರು. ಅವರನ್ನು ನಾನೇ ಹೊರಗೆ ಕಳಿಸಿದ್ದೆ.

ಅವರನ್ನು ಕೊನೆಯ ಸಲ ನೋಡಿದ್ದು ಬಂಗಾರಪೇಟೆ ಸ್ಟೇಷನ್ನಿನಲ್ಲಿ. ಮದ್ರಾಸಿನಲ್ಲಿ ವಯಸ್ಸಾದವರಿರುವ ಒಂದು ಆಶ್ರಮಕ್ಕೆ ಹೊರಟಿದ್ದರೆಂದು ಆಮೇಲೆ ತಿಳಿಯಿತು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು, ಪಕ್ಕದಲ್ಲಿ ಒಂದು ಟ್ರಂಕು. ಹೊಲಿಗೆ ಯಂತ್ರ ಜೊತೆಯಲ್ಲಿರಲಿಲ್ಲ. ಹತ್ತಿರ ಹೋಗಿ ನಿಂತೆ. “ಮಿಸ್, ಅವತ್ತು—” ಎಂದೆ. ಅವರು ತಲೆಯೆತ್ತಿದರು.

ಅಷ್ಟರಲ್ಲಿ ಪಕ್ಕದ ಹಳ್ಳಿಯ ನಾಲ್ಕೈದು ಜನ ನನ್ನನ್ನು ಕಂಡು ಓಡಿಬಂದರು. “ಚೌಡಣ್ಣ, ಈ ವಾರದ್ದು ಯಂಗೈತಣ್ಣ? ಒಸಿ ಯೋಳಣ್ಣ, ಕೇಳಾನ.”

ನಾನು ಆ ಕಡೆ ತಿರುಗಿದೆ. ಒಂದು ಗಳಿಗೆ ಎಂದುಕೊಂಡೆ. ಹೇಳತೊಡಗಿದೆ — ಕುದುರೆ, ಬಂದೂಕು, ಸುಟ್ಟ ಹಟ್ಟಿ. ಜನ ಸೇರಿದರು. ಸೇರಿದ ಹಾಗೆ ನನ್ನ ದನಿ ಏರಿತು. ಕಥೆಯ ನಡುವೆ ಒಮ್ಮೆ ಅವರ ಕಡೆ ನೋಡಿದೆ. ಕೇಳುತ್ತಿದ್ದರು. ಆ ಪಿಕ್ಚರನ್ನು ಅವರು ನೋಡಿದ್ದರು, ಅದು ಮುಖದಲ್ಲೇ ಕಾಣುತ್ತಿತ್ತು. ನಾನು ಹೇಳುತ್ತಿದ್ದುದರಲ್ಲಿ ಒಂದೂ ನಿಜವಲ್ಲ ಎಂದು ಅವರಿಗೆ ಗೊತ್ತಿತ್ತು. ರೈಲು ಬಂತು. ಕೂಲಿಯವನು ಟ್ರಂಕು ಎತ್ತಿಟ್ಟ. ನಾನು ಮಾತು ಮುಗಿಸಿ ತಿರುಗುವ ಹೊತ್ತಿಗೆ ಬೆಂಚು ಖಾಲಿಯಾಗಿತ್ತು.

ಇದನ್ನು ನನ್ನ ಹೆಂಡತಿಗೂ ಹೇಳಲಿಲ್ಲ. ಅವಳೂ ಈಗಿಲ್ಲ. ತಗಡಿನ ಟಾಕೀಸು ಹೋಗಿ ಎಷ್ಟೋ ಕಾಲವಾಯಿತು. ಆದರೂ ಬಂಗಾರಪೇಟೆಯ ಸಂತೆಯಲ್ಲಿ ಹಳೆಯ ತಲೆಗಳು ಯಾರಾದರೂ ಸಿಕ್ಕರೆ ಕೈ ಹಿಡಿದು ನಿಲ್ಲಿಸುತ್ತಾರೆ — ಅದೇನು ಹೇಳ್ತಿದ್ಯಣ್ಣ ಆಗ, ಅಮೆರಿಕದೋರ ಮನೇಲೇ ಉಟ್ಟಿದೋನ ತರ. ಮುಂಚೆ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಒಳ್ಳೆಯ ಕಥೆಗಳೆಲ್ಲ ಡಾರತಿ ಮಿಸ್ ಹೇಳಿಕೊಟ್ಟವು, ನಾನು ಮೈಕಿನಲ್ಲಿ ಕುಡುಕಿ ಎಂದು ಹೊರಗೆ ಹಾಕಿಸಿದ ಆ ಹೆಂಗಸು, ಅವರು ಕುಡಿದಿರಲಿಲ್ಲ, ನಾನು ಸುಳ್ಳು ಹೇಳಿದೆ — ಎಂದು ನಿಂತಲ್ಲೇ ಹೇಳುತ್ತೇನೆ.

ಕೇಳಿದವರು ನನ್ನ ಮುಖ ನೋಡುತ್ತಾರೆ. “ಯಾವ ಡಾರತಿ, ಚೌಡಣ್ಣ?” ಎನ್ನುತ್ತಾರೆ. ಅಂದು ನಕ್ಕವರೇ ಅವರು. ಅವರಿಗೆ ನನ್ನ ಸುಳ್ಳೂ ನೆನಪಿಲ್ಲ, ಮಿಸ್ಸೂ ನೆನಪಿಲ್ಲ. ಮೊದಲಿಂದ ಎಲ್ಲ ಹೇಳಬೇಕಾಗುತ್ತದೆ — ಅವರು ಯಾರು, ಎಲ್ಲಿದ್ದರು, ಎಂಥ ಗೌನು ಹೊಲಿಯುತ್ತಿದ್ದರು. ಹೇಳುತ್ತೇನೆ. ಅರ್ಧ ಕೇಳಿ ಹೊರಟುಹೋಗುತ್ತಾರೆ. ಮುಂದಿನವರು ಸಿಕ್ಕಾಗ ಅವರಿಗೂ ಹೇಳುತ್ತೇನೆ.