ಮಾತಿಲ್ಲದ ಸಿನಿಮಾದಲ್ಲಿ ನಮ್ಮನೆಯವರು

ನಮ್ಮನೆಯವರು ಇಸ್ತ್ರಿ ಮಾಡುತ್ತಿದ್ದರು. ಮೆಟ್ಟಿಲ ಕೆಳಗಿನ ಸಂದಿಯೇ ಅಂಗಡಿ. ಇಸ್ತ್ರಿಪೆಟ್ಟಿಗೆ ಒಂದು ಕಡೆ ಓಡಿದರೆ ಬಾಯಿ ಇನ್ನೊಂದು ಕಡೆ ಓಡುತ್ತಿತ್ತು. ಅಂಗಿಯ ಕಾಲರ್ ನೋಡಿಯೇ ಯಾರ ಮನೆಯಲ್ಲಿ ಜಗಳ, ಯಾರಿಗೆ ಹೊಸ ಕೆಲಸ ಅಂತ ಹೇಳುವರು. ಬೀದಿಯವರು ಅವರಿಗೆ ಇಟ್ಟ ಹೆಸರು ರೇಡಿಯೋ.

ಹೋದ ವರ್ಷ ಒಬ್ಬ ಹುಡುಗಿ ಕ್ಯಾಮೆರಾ ತಂದಳು. ಊರಿನ ಜನ ದಿನವೆಲ್ಲ ಏನು ಮಾಡುತ್ತಾರೆ ಅಂತ ತೋರಿಸುವ ಸಿನಿಮಾ, ಅದರಲ್ಲಿ ಮಾತೇ ಇರುವುದಿಲ್ಲ ಅಂದಳು.

"ಕೆಲಸ ಮಾಡ್ತಿರಿ ಅಷ್ಟೇ. ಮಾತಾಡಬೇಡಿ."

"ಸರಿ ತಾಯಿ, ಬಾಯಿಗೆ ಬೀಗ," ಅಂದರು ಇವರು. ಆ ಬೀಗ ಎಂಥದ್ದು ಅಂತ ಶುರು ಮಾಡಿದವರು ಸಂಜೆವರೆಗೂ ನಿಲ್ಲಿಸಲಿಲ್ಲ.

ಅವರು ತೀರಿಕೊಂಡ ಮೇಲೆ ಸಿನಿಮಾ ನೋಡಲು ಬನ್ನಿ ಅಂತ ಕರೆ ಬಂತು. ನನ್ನ ಹತ್ತಿರ ಅವರದು ಮದುವೆಯ ಫೋಟೋ ಒಂದೇ. ಅವರು ಓಡಾಡುವುದನ್ನು ಇನ್ನೊಮ್ಮೆ ನೋಡುತ್ತೇನೋ ಇಲ್ಲವೋ, ಅದೇ ಚಿಂತೆ. ನಾದಿನಿ ಜೊತೆಗೆ ಬಂದಳು.

"ಅಣ್ಣನ್ನ ಸಿನಿಮಾದಲ್ಲಿ ಇಟ್ಕೊಂಡಿರ್ತಾರಾ ಅತ್ತಿಗೆ? ಅಷ್ಟು ಹರಟಿದಾನೆ."

"ನೀನೂ ಅದೇ ಕಂಪನಿ ರೇಡಿಯೋ. ಸುಮ್ನಿರು."

ಪರದೆಯ ಮೇಲೆ ಒಬ್ಬಳು ಬಸ್ಸು ತೊಳೆದಳು. ಎದುರುಮನೆಯ ಅಜ್ಜಿ ಕಿಟಕಿ ತೆಗೆದು, ಬೀದಿ ನೋಡಿ, ಮತ್ತೆ ಮುಚ್ಚಿದಳು. ದಿನಾ ಕಾಣುವ ಅಜ್ಜಿ. ಅದೇನು ನೋಡುತ್ತಾಳೋ ಅಂತ ಅವತ್ತೇ ಮೊದಲು ಅನ್ನಿಸಿತು.

ಆಮೇಲೆ ಇವರು ಬಂದರು. ಬಾಯಿ ತುಂಬ ನೀರು, ಎರಡೂ ಕೆನ್ನೆ ಉಬ್ಬಿವೆ. ಬಟ್ಟೆಗೆ ಫುರ್ ಅಂತ ಚಿಮುಕಿಸುವ ಮೊದಲಿನ ಗಳಿಗೆ. ಅವರು ಬಾಯಿ ಮುಚ್ಚಿಕೊಂಡಿರುತ್ತಿದ್ದದ್ದು ಆಗ ಮಾತ್ರ. ಚಿಮುಕಿಸಿದರು, ತಲೆ ಎತ್ತಿ ಯಾರನ್ನೋ ನೋಡಿದರು, ಹುಬ್ಬು ಏರಿತು. ಹುಬ್ಬು ಏರಿತೆಂದರೆ ಹಿಂದೆಯೇ ಮಾತು ಬರುತ್ತದೆ. ಅಷ್ಟರಲ್ಲಿ ಪರದೆಗೆ ಬಸ್ ನಿಲ್ದಾಣ ಬಂದುಬಿಟ್ಟಿತು.

ಯಾರನ್ನು ನೋಡಿದರು? ಏನು ಹೇಳಲು ಹೊರಟಿದ್ದರು? ಉಳಿದ ಸಿನಿಮಾ ನನ್ನ ತಲೆಗೆ ಹತ್ತಲಿಲ್ಲ. ಮುಗಿದದ್ದೇ ತಡ, ಹೋಗಿ ಆ ಹುಡುಗಿಯ ಕೈ ಹಿಡಿದೆ.

"ಹುಬ್ಬು ಏರಿಸಿದ್ರಲ್ಲ, ಆಮೇಲೆ ಏನಂದ್ರು?"

ಅವಳು ನೆನಪು ಮಾಡಿಕೊಂಡು ನಕ್ಕಳು. "ನೀವು ಟೀ ತಂದ್ರಿ ಅಮ್ಮ. 'ಬಂದ್ಲು ನೋಡು, ಇನ್ನು ನನಗೆಲ್ಲಿ ಮಾತಾಡೋ ಸರದಿ' ಅಂದ್ರು. ಮಾತು ಬಂತು ಅಂತ ಕತ್ತರಿಸಿದ್ವಿ."

"ಹಸಿ ಸುಳ್ಳು!" ಅಂದೆ. ನಾದಿನಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಅಳುತ್ತಲೂ ಇದ್ದಳು. "ಆ ತುಂಡು ಬಿಸಾಕಿಬಿಟ್ಯಾ?" ಅಂತ ಹುಡುಗಿಯನ್ನು ಕೇಳಿದೆ.

"ಇಲ್ಲ ಅಮ್ಮ, ಇದೆ."

"ಹಾಗಾದ್ರೆ ಹಾಕು ಮಗಳೇ. ಅವರ ಬಾಯಿಂದಲೇ ಕೇಳಿ, ಆಮೇಲೆ ಜಗಳ ಆಡ್ತೀನಿ."